ಮಗ್ಗದ ಲಯ ಬಿಟ್ಟು ಹಗ್ಗ ಹತ್ತಿದ್ದು

ನನ್ನ ತಾಯಿಯ ತಮ್ಮ ಮುಂಡರಗಿ ಕಡೆಯ ಗುಡ್ಡದ ಬುಡದ ಊರಿನವರು. ನಾನು ಅವರನ್ನು ಮಾಮಾ ಅನ್ನುತ್ತೇನೆ. ಅವರ ಮನೆತನದವರು ಹಿಂದೆ ಬೇಟೆ ಆಡುತ್ತಿದ್ದರು. ಹಗ್ಗ ಹಿಡಿದು ಸದ್ದಿಲ್ಲದೆ ಮರ ಹತ್ತಿ, ನೀರಿಗೆ ಬರುವ ಪ್ರಾಣಿಗಾಗಿ ಕಾದು ಕೂರುವುದು ಅವರ ಪದ್ಧತಿ. ಕಾಯ್ದೆ ಬಂದ ಮೇಲೆ ಅದೆಲ್ಲ ನಿಂತಿತು. ಈಗ ಶೇಂಗಾ, ಗೋವಿನಜೋಳ ಬೆಳೆಯುತ್ತಾರೆ. ಬೇಸಿಗೆಯಲ್ಲಿ ಮಾಮಾ ಗುಡ್ಡದೊಳಗೆ ಅರಣ್ಯ ಇಲಾಖೆಯವರು ಕಟ್ಟಿಸಿದ ಒಂದು ಸಿಮೆಂಟಿನ ಹೊಂಡ ನೋಡಿಕೊಳ್ಳುತ್ತಾರೆ. ಟ್ಯಾಂಕರ್ ಬಂದಾಗ ನೀರು ತುಂಬಿಸುವುದು, ಕಸ ಎಲೆ ತೆಗೆಯುವುದು, ಇಷ್ಟೇ ಕೆಲಸ. ಮೊದಲು ಅದೇ ಜಾಗದಲ್ಲಿ ಒರತೆ ಇತ್ತಂತೆ. ಅವರ ಅಪ್ಪ ಬೇಟೆಗೆ ಕೂರುತ್ತಿದ್ದದ್ದೂ ಅಲ್ಲೇ.

ನಾನು ಬೆಟಗೇರಿಯಲ್ಲಿ ಸೀರೆ ನೇಯುವವನು. ಅಪ್ಪ ಹೊಲ ಬಿಟ್ಟು ಬಂದು ಮಗ್ಗ ಕಲಿತರು, ಅವರಿಂದ ನಾನು ಕಲಿತೆ. ಶಾಲೆ ನಡುವೆ ಬಿಟ್ಟಿದ್ದೆ. ಮಕ್ಕಳಾದ ಮೇಲೆ ಹೊರಗಿನಿಂದ ಪರೀಕ್ಷೆ ಕಟ್ಟಿ ಹತ್ತನೆಯ ತರಗತಿ ಪಾಸಾದೆ. ಆ ಸುದ್ದಿ ಕೇಳಿಯೇ ಮಾಮಾ ಫೋನ್ ಮಾಡಿದ್ದರು.

“ಲೇ ಅಳಿಯಾ, ಖರೇನ ಪಾಸ್ ಆದ್ಯೇನ?”

“ಹೂಂ ಮಾಮಾ.”

“ಹಂಗಾರ ಜಲ್ದಿ ಬಾ. ಗಿಡಾ ಹತ್ತೂದೈತಿ.”

“ಪಾಸಾದವ್ರನ್ನ ಗಿಡಾ ಹತ್ತಿಸ್ತಾರೇನ್ರಿ?”

“ಬರಿಯಾಕ ಬರೂ ಮಂಗ್ಯಾ ಬೇಕಾಗೇತಲೇ ನನಗ.”

ಪುಸ್ತಕದಲ್ಲಿ ನಾನು ಮರ ಅಂತ ಓದಿದ್ದೇನೆ. ನಮ್ಮಲ್ಲಿ ಎಷ್ಟು ದೊಡ್ಡದಿದ್ದರೂ ಅದು ಗಿಡವೇ.

ಸಂಗತಿ ಇದು. ಬೇಸಿಗೆಗೊಮ್ಮೆ ಗುಡ್ಡದಲ್ಲಿ ಪ್ರಾಣಿಗಳ ಎಣಿಕೆ ಆಗುತ್ತದೆ. ಹಿಂದಿನ ವರ್ಷ ಮಾಮಾನ ಹೊಂಡಕ್ಕೆ ಬಂದವರು ಕಬ್ಬಿಣದ ಏಣಿ ತಂದು, ಠಣಠಣ ಸದ್ದು ಮಾಡಿ ಮರ ಹತ್ತಿದ್ದರು. ಸಂಜೆ ಹಾಳೆಯಲ್ಲಿ “ಏನೂ ಕಂಡಿಲ್ಲ” ಎಂದು ಬರೆದು ಹೋದರು. ಈ ಸಲವೂ ಏನೂ ಕಾಣದಿದ್ದರೆ ಟ್ಯಾಂಕರ್ ಬೇರೆ ಹೊಂಡಕ್ಕೆ ಹೋಗುತ್ತದೆ ಎಂದು ಅರಣ್ಯ ಇಲಾಖೆಯ ಗಾರ್ಡ್ ಹೇಳಿದ್ದರು. ಹಾಳೆ ತುಂಬಲು ಬರುವವರಿದ್ದರೆ ಮಾಮಾನ ಕಡೆಯವರೇ ಎಣಿಕೆಗೆ ಕೂರಬಹುದು ಎಂದೂ ಅವರೇ ಹೇಳಿದ್ದರು. ಆದರೆ ಅಲ್ಲಿ ಒಂದು ಜೋಡಿ ಕೊಂಡಕುರಿ ನೀರು ಕುಡಿಯುತ್ತವೆ ಎಂದು ಮಾಮಾನಿಗೆ ಗೊತ್ತಿತ್ತು. ಕೊಂಡಕುರಿ ಎಂದರೆ ಜಿಂಕೆಗಿಂತ ಸಣ್ಣದು, ಗಂಡಿಗೆ ನಾಲ್ಕು ಕೊಂಬು, ಬಲು ಅಂಜುಬುರುಕ. ದಿನಾ ನೀರು ಬೇಕು ಅದಕ್ಕೆ. ಗುಡ್ಡದ ಆ ಮಗ್ಗುಲಲ್ಲಿ ಬೇರೆ ನೀರಿಲ್ಲ. ಮುಂಜಾನೆ ಗೊರಸಿನ ಗುರುತು ಕಂಡರೆ ಸಾಲದು, ಕಣ್ಣಿಂದ ಕಂಡು ಬರೆದದ್ದಷ್ಟೇ ಲೆಕ್ಕ. ಮಾಮಾನಿಗೆ ಬರೆಯಲು ಬರುವುದಿಲ್ಲ. ಬಲ ಭುಜದಲ್ಲಿ ಶಕ್ತಿ ಉಳಿದಿಲ್ಲವಾದ್ದರಿಂದ ಹತ್ತುವುದೂ ಆಗುವುದಿಲ್ಲ.

ರಜೆ ಸಿಕ್ಕ ದಿನ ಗದಗಿನಿಂದ ಮುಂಡರಗಿ ಬಸ್ಸು ಹಿಡಿದು ಹೋಗುತ್ತಿದ್ದೆ. ಮಾಮಾನ ಹೊಲದ ಬೇವಿನ ಮರವೇ ನನ್ನ ಶಾಲೆ. ನಾನು ಹೊಸ ನೈಲಾನ್ ಹಗ್ಗ ಒಯ್ದಿದ್ದೆ. ಮಾಮಾ ಅದನ್ನು ಕಿವಿ ಹತ್ತಿರ ತಿಕ್ಕಿ ನೋಡಿ ಬದಿಗೆ ಎಸೆದರು. ಪುಂಡಿ ನಾರಿನ ಹಳೆಯ ಹಗ್ಗ ತೆಗೆದು ನೀರಲ್ಲಿ ನೆನೆಸಿದರು. ಒದ್ದೆ ನಾರು ಕಿರ್ರ್ ಅನ್ನುವುದಿಲ್ಲ. ಹಗ್ಗ ಹಾಯುವ ಕೊಂಬೆಗೆ ಅತ್ತೆಯ ಹಳೆ ಸೀರೆ ಸುತ್ತಿದರು. ಇಳಿಬಿದ್ದ ಹಗ್ಗಕ್ಕೆ ಎರಡು ಕುಣಿಕೆ, ಒಂದು ಸೊಂಟಕ್ಕೆ, ಒಂದು ಪಾದಕ್ಕೆ. ಪಾದದ ಕುಣಿಕೆಯ ಮೇಲೆ ಎದ್ದು ನಿಲ್ಲಬೇಕು, ಸೊಂಟದ್ದನ್ನು ಮೇಲೆ ಸರಿಸಬೇಕು, ಅದರಲ್ಲಿ ಕೂತು ಪಾದದ್ದನ್ನು ಎಳೆದುಕೊಳ್ಳಬೇಕು. ಭಾರ ಬಿದ್ದರೆ ಗಂಟು ಕಚ್ಚಿಕೊಳ್ಳುತ್ತದೆ, ಭಾರ ತೆಗೆದರೆ ಸರಿಯುತ್ತದೆ.

ಮಾಮಾ ಬೆನ್ನು ತಿರುಗಿಸಿ ಕೂರುವರು. ನಾನು ಹತ್ತಿದ್ದು ಅವರಿಗೆ ಕೇಳಿದರೆ ಇಳಿಯಬೇಕು.

ಮೊದಲ ದಿನ ಎರಡು ಮೊಳ ಹತ್ತಿದ್ದೆ.

“ಏನೋ ಗೆಜ್ಜಿ ಕಟ್ಟಿಯೇನ? ಇಳಿ.”

ನನ್ನ ಉಡದಾರಕ್ಕೆ ಕಟ್ಟಿದ್ದ ಮನೆಯ ಕೀಲಿಕೈ ತಾಯತಕ್ಕೆ ತಾಗುತ್ತಿತ್ತು. ಎರಡನ್ನೂ ಬಿಚ್ಚಿ ಅತ್ತೆಯ ಕೈಗೆ ಕೊಟ್ಟೆ.

ಮುಂದಿನ ಸಲ ಒಂದು ಗಂಟೂ ಸದ್ದು ಮಾಡದಂತೆ ಮೇಲಿನ ಕೊಂಬೆ ಮುಟ್ಟಿದೆ ಎಂದುಕೊಂಡೆ. ಮಾಮಾ ತಿರುಗದೆ ಹೇಳಿದರು, “ಹದಿನಾಕ ಸಲ ಎದ್ದಿ, ಹದಿನಾಕ ಸಲ ಕುಂತಿ.”

“ಸಪ್ಪಳ ಬಾಳ ಸಣ್ಣದಿತ್ತಲ್ರಿ ಮಾಮಾ?”

“ಸಣ್ಣದಿರ್ಲಿ, ದೊಡ್ಡದಿರ್ಲಿ. ಒಂದ ಅಳತಿಲೆ ಬಂದ್ರ ಅದು ಮನಷ್ಯಾಂದು. ಗಾಳಿ ಎಲ್ಯರ ಎಣಿಸಿ ಬೀಸತೈತೇನ? ನೀ ಅಲ್ಲಿ ಗಿಡಾ ಹತ್ತಾಕತ್ತಿಲ್ಲ, ಸೀರಿ ನೇಯಾಕತ್ತೀದಿ.”

ಅದು ನಿಜವಾಗಿತ್ತು. ಮಗ್ಗದಲ್ಲಿ ಕಾಲು ತುಳಿದರೆ ಕೈ ತಾನೇ ಎಳೆಯುತ್ತದೆ. ಪೆಟ್ಟು ಒಂದೇ ಸಮ ಬೀಳದಿದ್ದರೆ ಬಟ್ಟೆಯಲ್ಲಿ ಪಟ್ಟೆ ಕಾಣುತ್ತದೆ. ಇಷ್ಟು ವರ್ಷ ಆ ಲಯ ತಪ್ಪದಂತೆ ದುಡಿದ ಮೈ ಹಗ್ಗದ ಮೇಲೂ ಅದನ್ನೇ ಮಾಡುತ್ತಿತ್ತು.

“ಗಾಳಿ ಬಂದಾಗ ಏಳು. ಗಾಳಿ ನಿಂತ್ರ ನೀನೂ ನಿಲ್ಲು. ನಡುವ ನಿಂತ್ರ ನಡುವ ಇರು,” ಎಂದರು ಮಾಮಾ.

“ಅವಾ ಗಾಳಿ ಕಾಯ್ಕೊಂತ ಕುಂತ್ರ ನನ್ನ ರೊಟ್ಟಿ ಆರ್ತಾವು,” ಎಂದು ಅತ್ತೆ ಒಲೆಯ ಮುಂದಿನಿಂದ ಕೂಗಿದರು.

ಹಾಗೆ ಹಲವು ಸಲ ಹತ್ತಿ ಇಳಿದೆ. ಮಾಮಾ ಎಣಿಸಲಾಗದೆ ಸುಮ್ಮನಾದ ದಿನ ನಾನು ಕೊಂಬೆಯ ಮೇಲಿಂದ ಕೆಮ್ಮಿ ಹೇಳಬೇಕಾಯಿತು, ಮುಟ್ಟಿದೆ ಅಂತ. ಆ ವಾರ ಬೆಟಗೇರಿಯಲ್ಲಿ ನಾನು ನೇಯ್ದ ಸೀರೆಯೊಂದಕ್ಕೆ ಪಟ್ಟೆ ಬಿತ್ತು. ಮಾಲೀಕರು ಅದನ್ನು ಬೆಳಕಿಗೆ ಹಿಡಿದು, “ಯಾಕಪಾ, ಮೈಯಾಗ ಆರಾಮಿಲ್ಲೇನು?” ಅಂದರು.

ಎಣಿಕೆಯ ದಿನ ಮಧ್ಯಾಹ್ನ ಹೊಂಡಕ್ಕೆ ಹೋದೆವು. ಪಕ್ಕದ ತಪಸಿ ಮರದ ಬೊಡ್ಡೆ ನುಣುಪು, ಎತ್ತರದವರೆಗೆ ಕೊಂಬೆಯೇ ಇಲ್ಲ. ಹಿಂದಿನ ದಿನವೇ ಅದಕ್ಕೆ ಹಗ್ಗ ಬಿಟ್ಟಿದ್ದೆವು. ಬಿಸಿಲಲ್ಲಿ ಕೊಂಡಕುರಿಗಳು ಹತ್ತಿರದ ಮುಳ್ಳುಕಂಟಿಯ ಪೊದೆಯಲ್ಲೇ ಮಲಗಿರುತ್ತವೆ, ಒಮ್ಮೆ ಬೆದರಿದರೆ ಅವತ್ತು ನೀರಿಗೆ ಬರುವುದಿಲ್ಲ ಎಂದು ಮಾಮಾ ದಾರಿಯಲ್ಲೇ ಹೇಳಿದ್ದರು. ಅವರು ದೂರದ ಬಂಡೆಯ ಹಿಂದೆ ಹೋಗಿ ಕೂತರು. ನಾನು ಹಾಳೆಯನ್ನು ಅಂಗಿಯೊಳಗೆ ಇಟ್ಟು, ಪೆನ್ಸಿಲ್ ಕಿವಿಗೆ ಸಿಗಿಸಿ, ಗಾಳಿ ಬಂದಾಗ ಎದ್ದೆ.

ಅರ್ಧ ಎತ್ತರದಲ್ಲಿ ಗಾಳಿ ನಿಂತಿತು.

ಸೊಂಟದ ಕುಣಿಕೆಯಲ್ಲಿ ಜೋತು ಕೂತೆ. ಒಂದು ಕಾಲು ಜೋಮು ಹಿಡಿಯಿತು. ಬೆವರು ಕಣ್ಣಿಗಿಳಿಯಿತು. ಗಾಳಿ ಬರಲಿಲ್ಲ. ಇನ್ನೊಂದು ನಾಲ್ಕು ಸಲ ಎದ್ದರೆ ಕೊಂಬೆ ಸಿಗುತ್ತಿತ್ತು, ಏಳಲಿಲ್ಲ. ಬಿಸಿಲು ಬಂಡೆಯಿಂದ ಇಳಿಯುವವರೆಗೆ ಹಾಗೇ ಇದ್ದೆ.

ಆಗ ಕಂಟಿಯಿಂದ ಗಂಡು ಬಂತು. ಎರಡು ಕೊಂಬು ಕಂಡವು, ಅದು ತಲೆ ತಗ್ಗಿಸಿದಾಗ ಮುಂದಿನ ಸಣ್ಣವೆರಡೂ ಕಂಡವು. ನನ್ನ ಕಡೆ ನೋಡಿತು. ನಾನು ತೂಗುಹಾಕಿದ ಚೀಲದಂತೆ ಇದ್ದೆ. ಹಿಂದೆ ಹೆಣ್ಣು ಬಂತು. ಎರಡೂ ನೀರು ಕುಡಿದವು. ಎಷ್ಟು ಹೊತ್ತು ಎಂದು ಹೇಳಲಾರೆ, ನಾನು ಎಣಿಸುತ್ತಿರಲಿಲ್ಲ.

ಅವು ಹೋದ ಮೇಲೆ ಅಲ್ಲೇ ಜೋತಾಡುತ್ತ, ತೊಡೆಯ ಮೇಲೆ ಹಾಳೆ ಇಟ್ಟು ಬರೆದೆ. ಸಂಜೆ ಗಾರ್ಡ್ ಅದನ್ನು ಓದಿದರು.

“ಎಲ್ಲಿಂದ ನೋಡಿದ್ದು ಅನ್ನೂ ಕಡೆ ‘ಹಗ್ಗದಿಂದ’ ಅಂತ ಬರದೀರಲ್ರಿ? ಗಿಡದ ಮ್ಯಾಲಿಂದ ಅಂತ ಮಾಡ್ರಿ.”

“ಗಿಡಾ ಇನ್ನೂ ಮುಟ್ಟಿದ್ದಿಲ್ರಿ ಸಾಹೇಬ್ರ.”

ಗಾರ್ಡ್ ನಕ್ಕು ಸಹಿ ಮಾಡಿದರು. ಅವರು ಹಾಳೆ ಒಯ್ಯುವ ಮೊದಲು ಮಾಮಾ ಅದನ್ನು ನನ್ನಿಂದ ಓದಿಸಿದರು. “ಕೊಂಡಕುರಿ, ಎರಡು. ಗಂಡು ಒಂದು, ಹೆಣ್ಣು ಒಂದು. ನೀರು ಕುಡಿದವು.”

“ಇನ್ನೊಮ್ಮೆ ಓದು,” ಎಂದರು. ಓದಿದೆ.

ಈ ಬೇಸಿಗೆಯೂ ಆ ಹೊಂಡಕ್ಕೆ ಟ್ಯಾಂಕರ್ ಬಂದಿದೆ. ಗುಡ್ಡ ಏರುವಾಗ ಅದರ ಸದ್ದು ಊರಿನವರೆಗೆ ಕೇಳುತ್ತದೆ. ಅದಕ್ಕೆ ಮಾತ್ರ ಮಾಮಾ ಏನೂ ಅನ್ನುವುದಿಲ್ಲ.