ನಡುವಿನ ಪಿಂಡ

ಸಿದ್ದಾಪುರದ ಕಡೆಯ ಹಳ್ಳಿಗೆ ಸೊಸೆಯಾಗಿ ಬಂದು ಐದಾರು ವರ್ಷವಾದರೂ ನನಗೆ ಮಕ್ಕಳಾಗಿರಲಿಲ್ಲ. ಅರವತ್ತರ ದಶಕದ ಮಾತು. ಮಾವನ ಶ್ರಾದ್ಧದ ದಿನ ಪುರೋಹಿತರು ಮೂರು ತಲೆಮಾರಿಗೆಂದು ಇಟ್ಟ ಮೂರು ಪಿಂಡಗಳಲ್ಲಿ ನಡುವಿನದನ್ನು ಎತ್ತಿ ನನ್ನ ಅಂಗೈಗೆ ಹಾಕಿದರು. ತಿಂದರೆ ಗಂಡುಮಗು ಆಗುತ್ತದಂತೆ.

ನಡುವಿನ ಪಿಂಡ ನನ್ನ ಗಂಡನ ಅಜ್ಜನದು. ಕೊನೆಗಾಲದಲ್ಲಿ ಅವರಿಗೆ ಗಂಜಿ ಕುಡಿಸಿದವಳು, ಉಗುರು ತೆಗೆದವಳು ನಾನೇ. ಬೆಳಿಗ್ಗೆ ಈ ಅನ್ನ ಬೇಯಿಸಿದವಳೂ ನಾನೇ. ಆಗ ಅದು ಬರೀ ಅನ್ನವಾಗಿತ್ತು. ಪುರೋಹಿತರು ಹೆಸರು ಹಿಡಿದು ಕರೆದ ಮೇಲೆ ಅಜ್ಜನಾಯಿತು. ಹೆಸರಿಟ್ಟು ಕರೆದವರನ್ನು ತಿನ್ನುವುದು ಹೇಗೆ? ಮನುಷ್ಯರನ್ನು ಯಾಕೆ ತಿನ್ನಬಾರದು ಎಂದು ನನಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

ಎದ್ದು ಹೋಗೋಣವೆಂದರೆ ದಾರಿಯಿಲ್ಲ. ನಾನು ನುಂಗುವ ತನಕ ಊಟಕ್ಕೆ ಎಲೆ ಹಾಕುವಂತಿರಲಿಲ್ಲ. ಹಸಿದ ನೆಂಟರೆಲ್ಲ ಸುತ್ತ ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದರು.

ಅತ್ತೆ ಬಂದು ಕಿವಿಯ ಹತ್ತಿರ ಬಗ್ಗಿದರು. "ಬೇಗ ನುಂಗು ಕೂಸೆ. ಹಲ್ಲು ತಾಗ್ಸಡ."

ನನಗೆ ಸಿಟ್ಟು ನೆತ್ತಿಗೇರಿತು. "ಇದು ಬರೀ ಅನ್ನ ಅಲ್ದಾ ಅತ್ತೆ? ಹಲ್ಲು ತಾಗಿರೆ ಎಂತಾಗ್ತು?"

ಅತ್ತೆ ಒಂದಿಷ್ಟೂ ಯೋಚಿಸಲಿಲ್ಲ.

"ಅಜ್ಜಂಗೆ ನೋವಾಗ್ತು," ಅಂದರು.