ಒಳಗಿಲ್ಲದ ಕಿಟಕಿ

ಹೆಬ್ಬಾಳದಲ್ಲಿ ಅಪ್ಪನಿಗೆ ಸಿಕ್ಕಿದ್ದ ಸರ್ಕಾರಿ ಮನೆಯನ್ನು ಹಿಂದೆ ಯಾರೋ ಇಂಗ್ಲಿಷ್ ದೊರೆ ತನ್ನ ದೇಶದಲ್ಲಿ ಜಾರ್ಜ್ ರಾಜರ ಕಾಲದಲ್ಲಿ ಕಟ್ಟುತ್ತಿದ್ದ ಜಾರ್ಜಿಯನ್ ಮನೆಗಳ ಮಾದರಿಯಲ್ಲಿ ಕಟ್ಟಿಸಿದ್ದ. ನಟ್ಟನಡುವೆ ಬಾಗಿಲು, ಅದರ ಮೇಲೆ ಬೀಸಣಿಗೆಯಾಕಾರದ ಗಾಜು, ಎಡಕ್ಕೆ ಮೂರು ಕಿಟಕಿ, ಬಲಕ್ಕೆ ಮೂರು. ಒಳಗಿನಿಂದ ಎಣಿಸಿದರೆ ಮಾತ್ರ ಐದೇ. ಬಲತುದಿಯ ಆರನೆಯದಕ್ಕೆ ಹೊರಗೆ ಚೌಕಟ್ಟಿತ್ತು, ಗಾರೆಯ ಮೇಲೆ ಕಪ್ಪು ಬಣ್ಣದಲ್ಲಿ ಬರೆದ ಗಾಜಿತ್ತು. ಒಳಗೆ ಬರೀ ಗೋಡೆ. ಆ ಗೋಡೆಯೊಳಗೆ ಯಾರನ್ನೋ ಕೂಡಿಹಾಕಿದ್ದಾರೆ ಎಂದು ನಾನು ನಂಬಿದ್ದೆ. ಒಂಬತ್ತು ವರ್ಷದವಳಿಗೆ ಇನ್ನೇನು ಹೊಳೆಯಬೇಕು?

ಅಮ್ಮನಿಗೆ ಹೆರಿಗೆ ನೋವು ಬಂದದ್ದು ಮಧ್ಯಾಹ್ನ. ಅಪ್ಪ ಡಾಕ್ಟರಮ್ಮನನ್ನು ಕರೆತರಲು ಸೈಕಲ್ ಹತ್ತಿ ಹೋದರು. ನಮ್ಮಲ್ಲಿ ಹೆರಿಗೆಯ ಹೊತ್ತಿಗೆ ಮನೆಯಲ್ಲಿ ಮುಚ್ಚಿದ್ದು ಏನೂ ಇರಕೂಡದು. ಇದ್ದರೆ ಮಗುವಿಗೂ ದಾರಿ ಮುಚ್ಚುತ್ತದಂತೆ. ಅಜ್ಜಿ ಅಮ್ಮನ ಜಡೆ ಬಿಚ್ಚಿ, ಟ್ರಂಕಿನ ಬೀಗ ತೆಗೆದು, ಉಪ್ಪಿನಕಾಯಿ ಜಾಡಿಯ ಬಟ್ಟೆಯನ್ನೂ ಬಿಚ್ಚಿದಳು.

“ಕಿಟಕಿ ಎಲ್ಲಾ ತೆಗ್ದು ಬಾರೇ. ಒಂದೂ ಬಿಡ್ಬೇಡ!”

ಐದು ತೆಗೆದೆ. ಹೊರಗೆ ಹೋಗಿ ಆರನೆಯದರ ಮುಂದೆ ನಿಂತೆ, ಒಳಗಿರುವವರು ಹೊರಗೆ ಬಂದುಬಿಟ್ಟರೆ ಎಂದು ಮುಟ್ಟಲಿಲ್ಲ. ಅಷ್ಟರಲ್ಲಿ ಅಮ್ಮ ಚೀರಿದಳು. ಒಳಗೋಡಿದೆ.

“ಎಲ್ಲಾ ತೆಗ್ದ್ಯಾ?” ಅಜ್ಜಿ ಕೋಣೆಯಿಂದಲೇ ಕೇಳಿದಳು.

“ತೆಗ್ದೆ ಅಜ್ಜಿ.”

ಮಗು ಹುಟ್ಟಿತು. ಅಳಲಿಲ್ಲ. ಅಜ್ಜಿ ಅದರ ಬೆನ್ನು ತಟ್ಟುತ್ತಾ “ಅಳು ತಾಯಿ, ಅಳಮ್ಮ” ಎಂದು ಗೋಗರೆಯುವುದು ಕೇಳಿಸುತ್ತಿತ್ತು. ನನ್ನ ಸುಳ್ಳೇ ಅದನ್ನು ಕೊಂದಿತು ಅಂದುಕೊಂಡೆ. ಹಿತ್ತಲಿನ ಗುಂಡುಕಲ್ಲು ಎತ್ತಿಕೊಂಡು ಹೋಗಿ ಆ ಬಣ್ಣದ ಗಾಜಿಗೆ ಬಡಿದೆ. ಗಾರೆ ಉದುರಿತು, ಇಟ್ಟಿಗೆ ಕಂಡಿತು, ಬೆರಳು ಜಜ್ಜಿಹೋಯಿತು. ಎಷ್ಟು ಸಲ ಬಡಿದೆನೋ ಗೊತ್ತಿಲ್ಲ. ಆಮೇಲೆ ಒಳಗೆ ಮಗು ಅತ್ತಿತು.

ಡಾಕ್ಟರಮ್ಮನ ಜೊತೆ ಬಂದ ಅಪ್ಪ ಒಡೆದ ಗಾರೆ ನೋಡಿ ಬೈಯಲಿಲ್ಲ. “ಎರಡು ಕಡೆ ಸಮ ಕಾಣ್ಲಿ ಅಂತ ಮಾಡಿರೋದು ಕಣಮ್ಮ. ಇಂಗ್ಲೆಂಡಲ್ಲೂ ಇಂಥವು ಇವೆಯಂತೆ. ಅದರ ಹಿಂದೆ ಏನೂ ಇಲ್ಲ” ಎಂದರು. ಅಂದಕ್ಕೆಂದು ಸುಳ್ಳು ಕಿಟಕಿ ಇಟ್ಟ ಆ ದೊರೆಯ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಉದುರಿದ ಜಾಗಕ್ಕೆ ಅಪ್ಪ ಗಾರೆ ಮೆತ್ತಿಸಿದರು. ಅಜ್ಜಿ ಬಂದವರಿಗೆಲ್ಲ, “ಇವಳು ಕಿಟಕಿ ಎಲ್ಲಾ ತೆಗ್ದಿದ್ದಕ್ಕೇ ಮಗು ಉಳೀತು” ಎಂದು ಹೇಳುತ್ತಿದ್ದಳು. ನಾನು ತಲೆಯಾಡಿಸುತ್ತಿದ್ದೆ. ಆ ಮನೆ ಬಿಡುವವರೆಗೂ, ತಂಗಿಗೆ ಜ್ವರ ಬಂದಾಗಲೆಲ್ಲ ಯಾರಿಗೂ ಕಾಣದಂತೆ ಹೊರಗೆ ಹೋಗಿ, ಆ ಗೋಡೆಗೆ ಕಲ್ಲಿನಿಂದ ಇನ್ನೊಂದೇಟು ಕೊಟ್ಟು ಬರುತ್ತಿದ್ದೆ.