ಕೇಳಿ ನೋಡುವ ಚಿಕಿತ್ಸೆ

ಟೀವಿಯಲ್ಲಿ ವಾರ್ತೆ ಓದುವ ಹುಡುಗಿ ಕೈಮುಗಿದು ‘ನಮಸ್ಕಾರ’ ಎಂದಾಗ ನಾನೂ ‘ನಮಸ್ಕಾರಮ್ಮ’ ಎನ್ನುತ್ತೇನೆ. ಇದನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ, ನಿಮಗೆ ಹೇಳುತ್ತಿದ್ದೇನೆ. ಮುಳಬಾಗಿಲಿನ ನಮ್ಮ ಮನೆಯಲ್ಲಿ ಅಮ್ಮ ಮತ್ತು ನಾನು ಇಬ್ಬರೇ ಇದ್ದೆವು. ಈಗ ಅಮ್ಮ ಇಲ್ಲ. ನಾನು ಮದುವೆ ಮಾಡಿಕೊಳ್ಳಲಿಲ್ಲ. ಅದರ ಹಿಂದೆ ದೊಡ್ಡ ಕಥೆಯೇನೂ ಇಲ್ಲ, ಕೇಳಿದವರಿಗೆಲ್ಲ ನಿರಾಸೆಯೇ ಆಗಿದೆ. ಪದವಿಪೂರ್ವ ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುತ್ತಿದ್ದೆ. ಅಮ್ಮ ತೀರಿಕೊಂಡ ವರ್ಷವೇ ನಿವೃತ್ತಿಯೂ ಆಯಿತು. ಬೆಳಗಿನಿಂದ ಸಂಜೆಯವರೆಗೆ ಮಾತಾಡುತ್ತಿದ್ದ ಬಾಯಿಗೆ ಇದ್ದಕ್ಕಿದ್ದಂತೆ ಕೆಲಸ ತಪ್ಪಿತು. ಬಾಯಿ ಸುಮ್ಮನಾದರೆ ತಲೆ ಮಾತಾಡಲು ಶುರು ಮಾಡುತ್ತದೆ. ಅದು ಆಡುವುದು ಒಳ್ಳೆಯ ಮಾತಂತೂ ಅಲ್ಲ.

ಒಂದು ದಿನ ತರಕಾರಿ ತರಲು ಹೋದಾಗ, ನನ್ನ ಜೊತೆ ಕೆಲಸ ಮಾಡಿದ್ದ ಭಾಗ್ಯ ಎದುರಿಗೆ ಬಂದಳು. ನಾನು ನಕ್ಕೆ. ಅವಳು ನನ್ನನ್ನು ನೋಡಿ, ತಲೆ ತಗ್ಗಿಸಿ, ಸೆರಗು ಬಾಯಿಗೆ ಅಡ್ಡ ಹಿಡಿದು ಹೊರಟುಹೋದಳು. ನಾನು ತರಕಾರಿ ಕೊಳ್ಳದೆ ಮನೆಗೆ ಬಂದೆ. ಊಟ ಮಾಡಲಿಲ್ಲ, ಹಗಲಲ್ಲೇ ಮುಸುಕು ಹಾಕಿ ಮಲಗಿದೆ. ಎದೆ ಡವಡವ ಎನ್ನುತ್ತಿತ್ತು. ಇಂಥವು ಹೆಚ್ಚಾಗುತ್ತ ಬಂದು, ಕೊನೆಗೆ ಮನೆಯಿಂದ ಹೊರಗೆ ಹೋಗುವುದೇ ಬೇಡ ಎನಿಸಿತು. ನಮ್ಮ ಡಾಕ್ಟರು ಇಸಿಜಿ ತೆಗೆದು, ‘ಹೃದಯ ಚೆನ್ನಾಗಿದೆ, ಮನಸ್ಸಿಗೆ ಸ್ವಲ್ಪ ಸಹಾಯ ಬೇಕು’ ಎಂದು ಕೋಲಾರದ ಒಬ್ಬ ಮನಶ್ಶಾಸ್ತ್ರಜ್ಞೆಯ ಹತ್ತಿರ ಹೋಗಲು ಹೇಳಿದರು. ಹೃದಯ ಕೆಟ್ಟಿದ್ದರೆ ನಾಲ್ಕು ಜನರಿಗೆ ಹೇಳಿಕೊಳ್ಳಬಹುದಿತ್ತು ಎಂದು ಬೇಸರವಾಯಿತು.

ಮನಸ್ಸಿನ ಡಾಕ್ಟರೆಂದರೆ ನಾನು ಸಿನಿಮಾದಲ್ಲಿ ಕಂಡಷ್ಟೇ. ಮಂಚದ ಮೇಲೆ ಮಲಗಿಸುತ್ತಾರೆ, ಬಾಲ್ಯವನ್ನು ಕೆದಕುತ್ತಾರೆ ಎಂದುಕೊಂಡು, ಬಸ್ಸಿನಲ್ಲಿ ಕೂತು ಹೇಳಬಹುದಾದ ಬಾಲ್ಯವನ್ನೆಲ್ಲ ಒಪ್ಪವಾಗಿ ಜೋಡಿಸಿಕೊಂಡು ಹೋಗಿದ್ದೆ. ಅಲ್ಲಿ ಮಂಚವೇ ಇರಲಿಲ್ಲ. ಮಹಡಿಯ ಮೇಲೊಂದು ಪುಟ್ಟ ಕೋಣೆ, ಎರಡು ಪ್ಲಾಸ್ಟಿಕ್ ಕುರ್ಚಿ, ನನ್ನ ವಿದ್ಯಾರ್ಥಿನಿಯಾಗಿರಬಹುದಾದ ವಯಸ್ಸಿನ ಮನಶ್ಶಾಸ್ತ್ರಜ್ಞೆ ನಸ್ರೀನ್. ಆಕೆ ಬಾಲ್ಯದ ಸುದ್ದಿಯನ್ನೇ ಎತ್ತಲಿಲ್ಲ. ‘ಈಚೆಗೆ ಯಾವತ್ತು ತುಂಬಾ ಬೇಜಾರಾಯ್ತು ಮೇಡಂ?’ ಎಂದು ಕೇಳಿದಳು. ಭಾಗ್ಯಳ ಕಥೆ ಹೇಳಿದೆ.

‘ಅವರು ಮಾತಾಡಿಸದೆ ಹೋದಾಗ ನಿಮ್ಮ ತಲೆಗೆ ಮೊದಲು ಬಂದ ಮಾತೇನು?’

‘ನಾನು ಯಾರಿಗೂ ಬೇಡ ಅಂತ.’

‘ಆಗ ಹೇಗನ್ನಿಸ್ತು? ಮೈಯಲ್ಲಿ ಏನಾಯ್ತು? ಆಮೇಲೆ ನೀವೇನು ಮಾಡಿದ್ರಿ?’

ಹೇಳುತ್ತ ಹೋದೆ. ದುಃಖವಾಯಿತು, ಎದೆ ಬಡಿದುಕೊಂಡಿತು, ಮುಸುಕು ಹಾಕಿ ಮಲಗಿದೆ. ಮಲಗಿದ್ದರಿಂದ ಆ ದಿನ ಯಾರೂ ನನ್ನನ್ನು ಮಾತಾಡಿಸಲಿಲ್ಲ. ಯಾರೂ ಮಾತಾಡಿಸದ್ದರಿಂದ, ನಾನು ಯಾರಿಗೂ ಬೇಡ ಎಂಬುದು ಇನ್ನೂ ಗಟ್ಟಿಯಾಯಿತು. ಹೇಳಿ ಮುಗಿಸುವಷ್ಟರಲ್ಲಿ ನನಗೇ ನಾಚಿಕೆಯಾಯಿತು. ಗಾಣದೆತ್ತಿನಂತೆ ಸುತ್ತುತ್ತಿದ್ದವಳು ನಾನೇ.

ಈ ಚಿಕಿತ್ಸೆಗೆ ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಯ ಚಿಕಿತ್ಸೆ, ಎನ್ನುತ್ತಾರೆ ಎಂದು ನಸ್ರೀನ್ ತಿಳಿಸಿದಳು. ಘಟನೆಗಿಂತ, ಅದಕ್ಕೆ ನಾವು ಕೊಡುವ ಅರ್ಥ ನಮ್ಮನ್ನು ಹೆಚ್ಚು ಕಾಡುತ್ತದಂತೆ. ಆ ಅರ್ಥ ಸರಿಯೇ ಎಂದು ಪರೀಕ್ಷಿಸುವುದು, ಜೊತೆಗೆ ಬಿಟ್ಟುಬಿಟ್ಟ ಕೆಲಸಗಳನ್ನು ಸ್ವಲ್ಪ ಸ್ವಲ್ಪವಾಗಿ ಮತ್ತೆ ಶುರು ಮಾಡುವುದು. ವಾರಕ್ಕೊಮ್ಮೆ ಭೇಟಿ, ಕೆಲವು ತಿಂಗಳು ಸಾಕಾಗಬಹುದು. ‘ಆದ್ರೆ ಅರ್ಧ ಕೆಲಸ ನಿಮ್ಮದು ಮೇಡಂ. ಮನೆಗೆ ಹೋಮ್‌ವರ್ಕ್ ಇರುತ್ತೆ. ಕೆಲವು ಸಲ ಮೊದಲಿಗಿಂತ ಕಷ್ಟ ಅನ್ನಿಸಬಹುದು’ ಎಂದಳು. ಜೀವಮಾನವೆಲ್ಲ ಮಕ್ಕಳಿಗೆ ಹೋಮ್‌ವರ್ಕ್ ಕೊಟ್ಟವಳಿಗೆ ಬೇರೆ ಶಿಕ್ಷೆ ಏನಿದೆ?

ತಮಾಷೆ ನೋಡಿ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆಯೆಂದು ಊಹಿಸುವುದು ತರ್ಕಶಾಸ್ತ್ರದ ಮೊದಲ ಪಾಠ. ಮುಳಬಾಗಿಲಿನ ಬೆಟ್ಟಗಳನ್ನು ಕಿಟಕಿಯಿಂದ ತೋರಿಸಿಯೇ ನಾನದನ್ನು ಕಲಿಸುತ್ತಿದ್ದೆ. ‘ಕಂಡಿದ್ದು ಹೊಗೆ ಅಲ್ಲ, ಮಂಜು ಆದ್ರೆ ಮೇಡಂ?’ ಎಂದು ಯಾರಾದರೂ ಕೇಳಿದರೆ ಹಿಗ್ಗುತ್ತಿದ್ದೆ, ತರಗತಿಯೆಲ್ಲ ಚಪ್ಪಾಳೆ ತಟ್ಟುವಂತೆ ಮಾಡುತ್ತಿದ್ದೆ. ನನ್ನದೇ ತಲೆಯೊಳಗೆ ಹೊಗೆಯೆದ್ದಾಗ ಮಾತ್ರ ನೇರವಾಗಿ ಬೆಂಕಿ ಆರಿಸಲು ಓಡುತ್ತಿದ್ದೆ. ‘ಆಲೋಚನೆ’ ಎಂಬ ಪದದೊಳಗೆ ‘ಲೋಚನ’ ಇದೆ, ಎಂದರೆ ಕಣ್ಣು. ಆಲೋಚಿಸುವುದೆಂದರೆ ನೋಡುವುದು. ನಾನು ಕಣ್ಣು ಮುಚ್ಚಿಕೊಂಡು ಆಲೋಚಿಸುತ್ತಿದ್ದೆ.

ಮೊದಲ ಹೋಮ್‌ವರ್ಕ್, ಭಾಗ್ಯಳನ್ನೇ ಕೇಳುವುದು. ಧೈರ್ಯ ಮಾಡಿ ಫೋನ್ ಮಾಡಿದೆ. ‘ಅಯ್ಯೋ, ಅವತ್ತಾ? ಹಲ್ಲು ಕೀಳಿಸ್ಕೊಂಡು ಬರ್ತಿದ್ದೆ ಕಣೇ! ಬಾಯ್ತುಂಬಾ ಹತ್ತಿ ಇತ್ತು’ ಎಂದಳು. ಒಂದು ದವಡೆ ಹಲ್ಲಿಗಾಗಿ ನಾನು ಉಪವಾಸ ಬಿದ್ದಿದ್ದೆ. ನಗು ಬಂತು. ಹಾಗಾದರೆ ಈ ಚಿಕಿತ್ಸೆ ಸುಲಭ, ನನ್ನ ಕೆಟ್ಟ ಯೋಚನೆಗಳೆಲ್ಲ ಸುಳ್ಳು, ಅಷ್ಟೇ ತಾನೆ ಎಂದುಕೊಂಡು ಬೀಗಿದೆ.

ನಸ್ರೀನ್ ಬೀಗಲಿಲ್ಲ. ‘ಎಲ್ಲಾನೂ ಸುಳ್ಳೇ ಆಗ್ಬೇಕು ಅಂತಿಲ್ಲ’ ಎಂದಳು. ನಿಜವಾಗಿ ಕೊರೆಯುತ್ತಿರುವುದು ಯಾವುದು ಎಂದು ಕೇಳಿದಳು. ಆಗ ವನಜಳ ಹೆಸರು ಹೊರಗೆ ಬಂತು.

ವನಜ ಮತ್ತು ನಾನು ಕೋಲಾರದ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವರು. ಅವಳು ಯಲ್ದೂರಿನ ಮಾವಿನ ತೋಟದ ಮನೆಗೆ ಸೊಸೆಯಾಗಿ ಹೋದ ಮೇಲೂ ವಾರಕ್ಕೊಮ್ಮೆಯಾದರೂ ಫೋನಿನಲ್ಲಿ ಮಾತಾಡುತ್ತಿದ್ದೆವು. ಅಮ್ಮನ ಕಾಯಿಲೆಯ ಕಡೆಗಾಲದಲ್ಲಿ ಅವಳು ಫೋನ್ ಎತ್ತುವುದನ್ನು ಬಿಟ್ಟಳು. ಅಮ್ಮನ ವೈಕುಂಠ ಸಮಾರಾಧನೆಗೂ ಬರಲಿಲ್ಲ. ಆಮೇಲೆ ಅವಳೂ ಮಾಡಲಿಲ್ಲ, ನಾನೂ ಮಾಡಲಿಲ್ಲ.

‘ಅದರ ಅರ್ಥ?’ ಎಂದಳು ನಸ್ರೀನ್.

‘ಅವಳಿಗೆ ನಾನು ಸಾಕಾಗಿದ್ದೀನಿ.’

‘ಹೋಗಿ ಕೇಳಿದ್ರೆ ಏನಾಗುತ್ತೆ? ಮೊದಲೇ ಹೇಳಿಬಿಡಿ.’

‘ಹೌದು ಅಂತಾಳೆ. ನನಗೆ ತಡೆಯೋಕಾಗಲ್ಲ.’

ಹೋಗುವುದನ್ನು ವಾರದಿಂದ ವಾರಕ್ಕೆ ಮುಂದೂಡಿದೆ. ನಸ್ರೀನ್ ಅವಸರ ಮಾಡಲಿಲ್ಲ. ಕಡೆಗೊಂದು ಬೆಳಿಗ್ಗೆ ಶ್ರೀನಿವಾಸಪುರದಲ್ಲಿ ಬಸ್ಸು ಬದಲಿಸಿ ಯಲ್ದೂರಿನಲ್ಲಿ ಇಳಿದೆ. ಮಾವಿನ ಕಾಲ. ವನಜ ತೋಟದ ಶೆಡ್ಡಿನಲ್ಲಿ ಕಾಯಿ ಆರಿಸುತ್ತ ಕೂತಿದ್ದಳು. ಕೂದಲು ನನ್ನಷ್ಟೇ ಬೆಳ್ಳಗಾಗಿತ್ತು. ನನ್ನನ್ನು ಕಂಡು ಎದ್ದು ನಿಂತಳು, ಆದರೆ ಮುಂದೆ ಬರಲಿಲ್ಲ.

‘ಏಮ್ಮಾ, ದಾರಿ ತಪ್ಪಿ ಬಂದ್ಯಾ?’

ಬಸ್ಸಿನುದ್ದಕ್ಕೂ ನಯವಾದ ವಾಕ್ಯಗಳನ್ನು ಸಿದ್ಧ ಮಾಡಿಕೊಂಡಿದ್ದೆ. ಒಂದೂ ಬರಲಿಲ್ಲ. ‘ನಾನು ನಿಂಗೆ ಸಾಕಾಗಿಬಿಟ್ನಾ ವನಜಾ?’ ಎಂದುಬಿಟ್ಟೆ.

ಅವಳು ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟಳು. ‘ಹೂಂ ಕಣೇ. ಸಾಕಾಗಿದ್ದೆ’ ಎಂದಳು.

ಅವಳು ನಿಲ್ಲಿಸಲಿಲ್ಲ.

‘ನಿನ್ನ ತಪ್ಪೇನಿಲ್ಲ. ಆವಾಗ ನಮ್ಮತ್ತೇನೂ ಹಾಸಿಗೆ ಹಿಡಿದಿದ್ರು. ಮನೇಲಿ ದಿನಾ ಅದೇ ಮಾತ್ರೆ, ಅದೇ ನರಳಾಟ. ಫೋನ್ ಎತ್ತಿದ್ರೆ ನಿನ್ನದೂ ಅದೇ. ನನ್ ಕೈಲಿ ಆಗ್ಲಿಲ್ಲ. ಎತ್ತೋದು ಬಿಟ್ಟೆ.’

‘ಸಮಾರಾಧನೆಗಾದ್ರೂ ಬರಬಹುದಿತ್ತು.’

‘ಫೋನ್ ಎತ್ತದೋಳು ಯಾವ ಮುಖ ಇಟ್ಕೊಂಡು ಬರ್ಲಿ? ಬಾಗಿಲಲ್ಲೇ ನಿಲ್ಸಿ ವಾಪಸ್ ಕಳಿಸ್ತೀಯ ಅಂದ್ಕೊಂಡೆ.’

ನಾನು ಅಲ್ಲೇ ಹುಲ್ಲಿನ ಮೇಲೆ ಕುಸಿದು ಕೂತೆ. ಅಳು ಬಂತು, ತಡೆಯಲಿಲ್ಲ. ಅವಳೂ ಬಂದು ಪಕ್ಕದಲ್ಲಿ ಕೂತಳು. ಮನಸ್ಸು ಕಲಕಿದಾಗ ವನಜಳಿಗೆ ತೌರಿನ ತೆಲುಗು ಬರುತ್ತದೆ. ‘ರಾ, ಅನ್ನಂ ತಿಂದಾಂ’ ಎಂದು ಊಟಕ್ಕೆ ಎಬ್ಬಿಸಿದಳು. ಎದ್ದೆ.

ಮುಂದಿನ ವಾರ ನಸ್ರೀನ್‌ಗೆ ಎಲ್ಲವನ್ನೂ ಒಪ್ಪಿಸಿದೆ. ‘ನೋಡಿ, ನಾನು ಹೇಳಿದ್ದೇ ನಿಜವಾಯ್ತು’ ಎಂದೆ, ಕೊಂಚ ಗೆದ್ದವಳ ಹಾಗೆ.

‘ಹೌದು, ನಿಜ ಆಯ್ತು. ಆಮೇಲೆ?’

‘ಆಮೇಲೆ ಊಟ ಮಾಡಿದೆ.’

‘ತಡೆಯೋಕಾಗಲ್ಲ ಅಂದಿದ್ರಿ.’

‘ಮಾವಿನಕಾಯಿ ಪಪ್ಪು ಮಾಡಿದ್ಲು. ಎರಡನೇ ಸಲ ಬಡಿಸ್ಕೊಂಡೆ.’

ಇಬ್ಬರೂ ನಕ್ಕೆವು. ಆದರೆ ಬಸ್ಸಿನಲ್ಲಿ ವಾಪಸಾಗುವಾಗ ಆ ನಗು ಸ್ವಲ್ಪ ಸ್ವಲ್ಪವಾಗಿ ಅರ್ಥವಾಯಿತು. ಎಲ್ಲ ಸರಿಹೋಗುತ್ತದೆ, ಎಲ್ಲರಿಗೂ ನೀವೆಂದರೆ ಇಷ್ಟ ಎಂದು ಯಾರಾದರೂ ನನ್ನ ಬೆನ್ನು ಸವರಲಿ ಎಂದು ನಾನು ಆಸೆಪಟ್ಟಿದ್ದೆ. ಈ ಚಿಕಿತ್ಸೆ ಬೆನ್ನು ಸವರುವುದಿಲ್ಲ. ಹೋಗಿ ನೋಡು ಎನ್ನುತ್ತದೆ. ನೋಡಿದ್ದು ಒಮ್ಮೆ ಹತ್ತಿ ತುಂಬಿದ ಬಾಯಿಯಾಗಿರುತ್ತದೆ, ಇನ್ನೊಮ್ಮೆ ನಿಜವಾಗಿಯೂ ಬೇಸತ್ತ ಗೆಳತಿಯಾಗಿರುತ್ತದೆ. ಎರಡನ್ನೂ ನೋಡಿಕೊಂಡು ಮನೆಗೆ ಬರಬಹುದು.

ಒಂಟಿತನ ಹೋಯಿತೇ ಎಂದು ಕೇಳಬೇಡಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ ಈಗಲೂ ಖಾಲಿಯೇ. ಅಮ್ಮನ ಕುರ್ಚಿಯಲ್ಲಿ ಅಮ್ಮ ಇಲ್ಲ ಎಂಬುದು ತಪ್ಪು ಯೋಚನೆಯಲ್ಲ, ಅದನ್ನು ತಿದ್ದಲು ಬರುವುದಿಲ್ಲ. ಆದರೆ ಈಗ ಮುಸುಕು ಹಾಕಿ ಮಲಗುವುದಿಲ್ಲ. ಭಾಗ್ಯಳ ಜೊತೆ ಸಂಜೆ ನಡೆಯಲು ಹೋಗುತ್ತೇನೆ. ವನಜ ಆಗಾಗ ಫೋನ್ ಮಾಡುತ್ತಾಳೆ; ‘ಕಾಯಿಲೆ ಸುದ್ದಿ ಎತ್ತಿದ್ರೆ ಇಟ್ಬಿಡ್ತೀನಿ’ ಎಂದು ಹೆದರಿಸಿ, ಆಮೇಲೆ ತನ್ನ ಮಂಡಿನೋವಿನ ಸುದ್ದಿಯನ್ನು ತಾನೇ ಎತ್ತುತ್ತಾಳೆ.

ಒಂದು ದಿನ ನಸ್ರೀನ್, ‘ಮೇಡಂ, ಇನ್ನು ನೀವು ಪ್ರತಿ ವಾರ ಬರಬೇಕಾಗಿಲ್ಲ. ಬೇಕನ್ನಿಸಿದಾಗ ಬನ್ನಿ’ ಎಂದಳು. ಗುಣವಾಗಿದ್ದೇನೆ ಎಂದು ಅದರರ್ಥ, ಸಂತೋಷಪಡಬೇಕಾದ ಮಾತು. ಕೈ ಕುಲುಕಿ ಹೊರಬಂದೆ. ಅರ್ಧ ಮೆಟ್ಟಿಲು ಇಳಿಯುವಷ್ಟರಲ್ಲಿ ಎದೆ ಡವಡವ ಎಂದಿತು. ಇವಳಿಗೂ ನಾನು ಸಾಕಾದೆ, ಇನ್ನು ವಾರಕ್ಕೊಮ್ಮೆ ‘ಹೇಗಿದ್ದೀರಿ’ ಎಂದು ಕೇಳುವವರೂ ಇಲ್ಲ. ಕಂಬಿ ಹಿಡಿದು ಸ್ವಲ್ಪ ಹೊತ್ತು ನಿಂತೆ. ಆಮೇಲೆ ತಿರುಗಿ ಮೇಲೆ ಹತ್ತಿ, ಬಾಗಿಲಲ್ಲೇ ನಿಂತು ಕೇಳಿದೆ:

‘ನಸ್ರೀನ್, ನಾನು ಇನ್ಮೇಲೆ ಬರದಿದ್ರೆ ನಿಮಗೆ ಬೇಜಾರಾಗಲ್ವಾ?’

ಅವಳು ತಲೆಯೆತ್ತಿ ನೋಡಿದಳು. ನಕ್ಕಳು, ಕಣ್ಣು ಮಾತ್ರ ನಗಲಿಲ್ಲ.

‘ಆಗುತ್ತೆ ಮೇಡಂ. ಆದ್ರೂ ಹೋಗಿ.’

ನನಗೂ ಬೇಜಾರಾಯಿತು. ಆದರೂ ಹೋದೆ.